ಮಪೆಟ್ ಕ್ರಿಸ್ಮಸ್ ಕ್ಯಾರೊಲ್: ಸಿನಿಮಾದಲ್ಲಿ ಇಲ್ಲದ ಹಾಡುಗಳು ಆಲ್ಬಮ್‌ನಲ್ಲಿ ಹೇಗೆ ಉಳಿದವು?

ಹಳೇಟೇಪು:

ಮಪೆಟ್ ಕ್ರಿಸ್ಮಸ್ ಕ್ಯಾರೊಲ್ 1992ರ ಸಿನಿಮಾ. ಡಿಕನ್ಸ್ ಬರೆದ ಕತೆ: ಕ್ರಿಸ್ಮಸ್ ಹಿಂದಿನ ರಾತ್ರಿ ಭೂತಗಳು ಬಂದು, ಒಬ್ಬ ಜಿಪುಣನಿಗೆ ಅವನ ಹಿಂದಿನದು, ಈಗಿನದು, ಮುಂದಿನದನ್ನು ತೋರಿಸಿ ಮನಸ್ಸು ತಿರುಗಿಸುತ್ತವೆ. ಆ ಜಿಪುಣ ಸ್ಕ್ರೂಜ್ ಆಗಿ ಮೈಕೆಲ್ ಕೇನ್, ಸುತ್ತ ಇರುವವರು ಬಹುಪಾಲು ಮಪೆಟ್ ಎಂಬ ಗೊಂಬೆಗಳು. ಸಿನಿಮಾ ನೋಡಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಆದರೆ ಅದರ ಹಾಡಿನ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ, ಸಾಲಾಗಿ ಕೇಳಿದವರು ಎಷ್ಟು ಜನ? ಪ್ಲೇಲಿಸ್ಟ್‌ಗೆ ಎರಡು ಹಾಡು ಹಾಕಿಕೊಂಡು ಸುಮ್ನಾಗುವವರೇ ಜಾಸ್ತಿ ಅಲ್ವಾ?

ನನ್ನ ವಾದ ಇಷ್ಟೇ. ಪೂರ್ತಿ ಸಿನಿಮಾ ಇರುವುದು ಆಲ್ಬಮ್‌ನಲ್ಲಿ. ಥಿಯೇಟರಿಗೆ ಬಂದದ್ದು ಮಧ್ಯದ ಒಂದು ಕೀಲು ಕಳಚಿದ ಸಿನಿಮಾ.

ಆ ಕೀಲು 'ವೆನ್ ಲವ್ ಈಸ್ ಗಾನ್'. ಯುವಕ ಸ್ಕ್ರೂಜ್‌ನನ್ನು ಬಿಟ್ಟು ಹೋಗುವಾಗ ಅವನ ಪ್ರೇಯಸಿ ಬೆಲ್ ಹಾಡುವ ಹಾಡು. ಹಾಡಿದ್ದು ಮೆರೆಡಿತ್ ಬ್ರಾನ್. ಪಕ್ಕದಲ್ಲೇ ಮುದಿ ಸ್ಕ್ರೂಜ್ ನಿಂತು ತನ್ನ ಹಳೇ ದಿನವನ್ನು ನೋಡುತ್ತಾ ಇರುತ್ತಾನೆ, ಕೊನೆಗೆ ಅವನ ದನಿಯೂ ಸೇರುತ್ತದೆ. ಆಗ ಡಿಸ್ನಿಯಲ್ಲಿದ್ದ ಜೆಫ್ರಿ ಕ್ಯಾಟ್ಜನ್‌ಬರ್ಗ್, ಇದು ಚಿಕ್ಕ ಮಕ್ಕಳಿಗೆ ಬೇಜಾರು ಮಾಡುತ್ತದೆ ಅಂದರು. ಥಿಯೇಟರ್ ಪ್ರತಿಯಿಂದ ಹಾಡು ಹೋಯಿತು.

ಹೋದರೆ ಏನು ನಷ್ಟ ಅಂತ ಕೇಳುವವರಿಗೆ: ಸಿನಿಮಾ ಮುಗಿಯುವಾಗ ಊಟದ ಮೇಜಿನ ಸುತ್ತ ಎಲ್ಲರೂ ಸೇರಿ 'ವೆನ್ ಲವ್ ಈಸ್ ಫೌಂಡ್' ಹಾಡುತ್ತಾರೆ. ಅದು ಇದೇ ರಾಗ. ಬೆಲ್ ಹಾಡಿದ ಮಾತನ್ನೇ ತಿರುಗಿಸಿ ಹಾಡಿದ್ದು. ಮೊದಲ ಹಾಡನ್ನು ಕೇಳಿರದ ಪ್ರೇಕ್ಷಕನಿಗೆ ಕೊನೆಯದು ಇನ್ನೊಂದು ಹಬ್ಬದ ಹಾಡು, ಅಷ್ಟೇ. ಕೇಳಿದವನಿಗೆ ಸ್ಕ್ರೂಜ್ ಏನನ್ನು ವಾಪಸ್ ಪಡೆದ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಪ್ರಶ್ನೆ ತೆಗೆದುಹಾಕಿ ಉತ್ತರ ಮಾತ್ರ ಇಟ್ಟುಕೊಂಡರೆ ಅದಕ್ಕೆ ಏನರ್ಥ?

ಆಲ್ಬಮ್‌ನಲ್ಲಿ ಎರಡೂ ಇವೆ. ಇನ್ನೂ ಒಂದು ವಿಷಯ ಇದೆ, ಸಿನಿಮಾಕ್ಕೆ ಬರಲೇ ಇಲ್ಲದ ಎರಡು ಹಾಡೂ ಅದರಲ್ಲಿವೆ. ಅದರ ಮಾತು ಆಮೇಲೆ.

ಗಿಟಾರ್_ಗುಂಡ:

ಗುರು, ಒಂದು ದಡ್ಡ ಪ್ರಶ್ನೆ. ಈ ಗೊಂಬೆಗಳಿಗೆ ಹಾಡಿದ್ದು ಯಾರು? ನಮ್ಮಲ್ಲಿ ಹೀರೋಗೆ ಒಬ್ಬರು ಹಿನ್ನೆಲೆ ಗಾಯಕರು ಇರ್ತಾರಲ್ಲ, ಹಾಗೆ ಇಲ್ಲೂ ಗಾಯಕರನ್ನು ಕರೆಸಿ ಹಾಡಿಸ್ತಾರಾ? ಆಲ್ಬಮ್ ಮೇಲೆ ನೋಡಿದರೆ ಕರ್ಮಿಟ್, ಗಾನ್ಜೊ ಅಂತ ಗೊಂಬೆ ಹೆಸರೇ ಇದೆ.

ಕರಾವಳಿ_ಕಿವಿ:

ದಡ್ಡ ಪ್ರಶ್ನೆ ಏನಲ್ಲ ಮಾರಾಯ್ರೆ, ಈ ಆಲ್ಬಮ್ಮಿನ ಅರ್ಧ ಮಜಾ ಅಲ್ಲೇ ಇರುವುದು. ಮಪೆಟ್‌ಗಳಲ್ಲಿ ಗೊಂಬೆ ಆಡಿಸುವವರೇ ಅದರ ದನಿ, ಅವರೇ ಗಾಯಕರು. ಕೈಯೂ ಅವರದೇ, ಗಂಟಲೂ ಅವರದೇ. ಹಾಡನ್ನು ಮೊದಲು ಸ್ಟುಡಿಯೋದಲ್ಲಿ ಧ್ವನಿಮುದ್ರಿಸುತ್ತಾರೆ. ಶೂಟಿಂಗ್ ದಿನ ಅದನ್ನು ಸೆಟ್‌ನಲ್ಲಿ ಜೋರಾಗಿ ಹಾಕುತ್ತಾರೆ. ಆಡಿಸುವವರು ಕೆಳಗೆ ಅಡಗಿ, ಒಂದು ತೋಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ, ಎದುರಿಗಿರುವ ಪುಟ್ಟ ಮಾನಿಟರ್ ನೋಡುತ್ತಾ, ತಾವೇ ಹಾಡಿದ ಹಾಡಿಗೆ ಗೊಂಬೆಯ ಬಾಯಿ ಕೂಡಿಸಬೇಕು.

ಬಾಯಿ ಆಡಿಸುವುದರಲ್ಲೂ ಒಂದು ಪಟ್ಟು ಇದೆ. ನಾಲ್ಕು ಬೆರಳು ಮೇಲಿನ ದವಡೆ, ಹೆಬ್ಬೆರಳು ಕೆಳಗಿನದು. ಹೊಸಬರು ನಾಲ್ಕೂ ಬೆರಳನ್ನು ಮೇಲಕ್ಕೆ ಎತ್ತಿಬಿಡುತ್ತಾರೆ, ಆಗ ಗೊಂಬೆಯ ತಲೆ ಪಟಪಟ ಹಾರಿದ ಹಾಗೆ ಕಾಣುತ್ತದೆ. ಪಳಗಿದವರು ಹೆಬ್ಬೆರಳನ್ನು ಮಾತ್ರ ಕೆಳಗಿಳಿಸುತ್ತಾರೆ. ದವಡೆ ಬೀಳುತ್ತದೆ, ತಲೆ ಅಲುಗುವುದಿಲ್ಲ, ಕಣ್ಣು ನಮ್ಮ ಮೇಲೇ ಇರುತ್ತದೆ. ಉದ್ದದ ಸ್ವರ ಬಂದರೆ ಆ ಹೆಬ್ಬೆರಳು ಕೆಳಗೇ ನಿಂತಿರಬೇಕು, ತೋಳು ಸೋತು ಹೋದರೂ ಸರಿ.

ಅದಕ್ಕೇ ಸೆಟ್‌ನ ನೆಲವನ್ನು ಎತ್ತರಿಸಿ ಕಟ್ಟುತ್ತಾರೆ, ಬೇಕಾದ ಕಡೆ ಹಲಗೆ ತೆಗೆದು ಆಡಿಸುವವರು ನಿಲ್ಲುತ್ತಾರೆ. ಮೈಕೆಲ್ ಕೇನ್ ನಡೆಯಬೇಕಾಗಿದ್ದದ್ದು ಈ ಸಂದುಗಳ ನಡುವೆ ಉಳಿದ ಇಕ್ಕಟ್ಟಾದ ಹಲಗೆಗಳ ಮೇಲೆ. ಇನ್ನೊಮ್ಮೆ ನೋಡುವಾಗ ನೆನಪಿಟ್ಟುಕೊಳ್ಳಿ. ಮನುಷ್ಯ ಒಂದು ಸಲವೂ ಕಾಲ ಕಡೆ ನೋಡುವುದಿಲ್ಲ.

ಪುಸ್ತಕಹುಳ:

ಹಳೇಟೇಪು ಸರ್, ನಾನು ಕ್ಯಾಟ್ಜನ್‌ಬರ್ಗ್ ಪಕ್ಷ. ಬೈಯ್ಯಬೇಡಿ, ಕಾರಣ ಹೇಳ್ತೀನಿ.

ಮೂಲ ಪುಸ್ತಕದಲ್ಲಿ ಬೆಲ್ ಬಂದು ಹೋಗುವುದು ನಾಲ್ಕು ಮಾತಿನಲ್ಲಿ. ಅಲ್ಲಿ ಅದು ಚುರುಕಾಗಿದೆ, ಅದಕ್ಕೇ ಚುಚ್ಚುತ್ತದೆ. ಸಿನಿಮಾದಲ್ಲಿ ಅದುವರೆಗೆ ಗಾನ್ಜೊ ಮತ್ತು ರಿಜೋ ಎಂಬ ಇಲಿ ಸೇರಿ ಕತೆ ಹೇಳುತ್ತಾ, ಬೀಳುತ್ತಾ, ಏಳುತ್ತಾ ಒಂದು ಓಟ ಹಿಡಿದಿರುತ್ತಾರೆ. ಅದರ ಮಧ್ಯೆ ಗೊಂಬೆಯೇ ಹಾಡದ, ನಗು ಇಲ್ಲದ, ನಿಧಾನವಾದ ಪ್ರೇಮಭಂಗದ ಹಾಡು. ಹಾಡು ಚೆನ್ನಾಗಿಲ್ಲ ಅಂತಲ್ಲ. ಅದು ಬೇರೆ ಯಾವುದೋ ರಂಗನಾಟಕದಿಂದ ಬಂದ ಹಾಗಿದೆ.

ಆಲ್ಬಮ್‌ನಲ್ಲಿ ಇರಲಿ, ಅದು ಅದರ ಸರಿಯಾದ ಜಾಗ. ಕೇಳುವವನಿಗೆ ಬೇಕಾದರೆ ಕೇಳುತ್ತಾನೆ, ಬೇಡದಿದ್ದರೆ ಮುಂದಕ್ಕೆ ಹೋಗುತ್ತಾನೆ. ಥಿಯೇಟರಿನಲ್ಲಿ ಕೂತ ಮಗುವಿಗೆ ಆ ಅನುಕೂಲ ಇಲ್ಲವಲ್ಲ.

ಹಳೇಟೇಪು:

ಪುಸ್ತಕಹುಳ ಅವರೇ, ಓಟ ನಿಲ್ಲಲಿ ಅಂತಲೇ ಆ ಹಾಡು ಇರುವುದು. ಅಲ್ಲಿಗೆ ಬರುವ ಹೊತ್ತಿಗೆ ಕತೆ ಹೇಳುವ ಗಾನ್ಜೊ ಮತ್ತು ರಿಜೋ ಕೂಡ ಹಾಸ್ಯ ಬಿಡಬೇಕು. ಸ್ಕ್ರೂಜ್ ಯಾಕೆ ಹಾಗಾದ ಅಂತ ನಮಗೆ ತೋರಿಸುವ ಜಾಗ ಅದೊಂದೇ. ಅದನ್ನು ಕತ್ತರಿಸಿದ ಪ್ರತಿಯಲ್ಲಿ ಬೆಲ್ ಮಾತಾಡಿ ಎದ್ದು ಹೋಗುತ್ತಾಳೆ, ತಕ್ಷಣ ಕೇನ್ ಕಣ್ಣೊರೆಸಿಕೊಳ್ಳುವ ಹಾಗೆ ನಿಂತಿರುತ್ತಾರೆ. ಅಷ್ಟು ಬೇಗ ಇಷ್ಟು ದುಃಖ ಎಲ್ಲಿಂದ ಬಂತು ಅನ್ನಿಸುತ್ತದೆ. ಹಾಡು ಹೊತ್ತು ತಂದ ದುಃಖ ಅದು. ಹಾಡನ್ನು ತೆಗೆದರು, ದುಃಖವನ್ನು ಅಲ್ಲೇ ಬಿಟ್ಟರು.

ಲೀಡ್ಸ್_ಕನ್ನಡತಿ:

ಈ ಹಾಡಿನ ಕತೆ ಕಟ್ ಆದ ಮೇಲೂ ಮುಗಿಯಲಿಲ್ಲ. ಆಗ ಮನೆಗೆ ಬಂದ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಹಾಡು ಇತ್ತು. ಹಾಗಾಗಿ ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಇಡೀ ತಲೆಮಾರಿಗೆ ಅದು ಸಿನಿಮಾದ ಭಾಗವೇ. ಆಮೇಲೆ ಒಳ್ಳೇ ಗುಣಮಟ್ಟದ ಪ್ರತಿ ಮಾಡೋಣ ಅಂತ ಹೊರಟರೆ ಆ ಹಾಡಿನ ಮೂಲ ನೆಗೆಟಿವ್ ಸಿಗಲಿಲ್ಲ. 2012ರ ಬ್ಲೂರೇಯಲ್ಲಿ ಹಾಡು ಇಲ್ಲ. ಕ್ಯಾಸೆಟ್ ನೋಡಿ ಬೆಳೆದವರು ಹೊಸ ಡಿಸ್ಕ್ ಹಾಕಿ, ಹಾಡು ಎಲ್ಲಿ ಅಂತ ಹುಡುಕಾಡಿದರು.

ನಿರ್ದೇಶಕ ಬ್ರಿಯಾನ್ ಹೆನ್ಸನ್ ಇದನ್ನು ಹುಡುಕಿ ಕೊಡಿ ಅಂತ ಡಿಸ್ನಿಯವರ ಬೆನ್ನು ಬಿದ್ದಿದ್ದರು. 2020ರ ಕೊನೆಗೆ ಸಿಕ್ಕಿದೆ ಅಂತ ಸುದ್ದಿ ಬಂತು. 2022ರ ಡಿಸೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಹಾಡು ಸೇರಿದ ಪೂರ್ತಿ ಪ್ರತಿ ಬಂತು. ಅಂದರೆ ಥಿಯೇಟರಿಗೆ ಬಂದು 30 ವರ್ಷ ಆದ ಮೇಲೆ.

ಅಷ್ಟೂ ವರ್ಷ ಆಲ್ಬಮ್ ಮಾತ್ರ ಏನೂ ಆಗದ ಹಾಗೆ ಹಾಡನ್ನು ಇಟ್ಟುಕೊಂಡು ಕೂತಿತ್ತು. ಅದೂ ಎರಡು ಸಲ. ಒಂದು ಬೆಲ್ ಹಾಡಿದ್ದು, ಇನ್ನೊಂದು ಕೊನೆಯಲ್ಲಿ ಮಾರ್ಟಿನಾ ಮೆಕ್‌ಬ್ರೈಡ್ ಹಾಡಿದ ಕಂಟ್ರಿ ಶೈಲಿಯದು. ಸಿನಿಮಾದ ಹೆಸರುಗಳು ಮೇಲೇರುವಾಗ ಬರುವುದು ಆ ಎರಡನೆಯದು. ತಮಾಷೆ ನೋಡಿ, ಒಳಗೆ ಇಲ್ಲದ ಹಾಡಿನ ಪಾಪ್ ಆವೃತ್ತಿ ಹೊರಬಾಗಿಲಲ್ಲಿ ಕೇಳುತ್ತಾ ಇತ್ತು.

ನನಗೆ ಮೆಕ್‌ಬ್ರೈಡ್ ದನಿ ಇಷ್ಟ, ಆದರೆ ಈ ಹಾಡಿನಲ್ಲಿ ಬ್ರಾನ್ ಅವರದೇ ಮೇಲು. ಮೆಕ್‌ಬ್ರೈಡ್ ಹಾಡನ್ನು ತುಂಬಿಸಿ ಹಾಡುತ್ತಾರೆ. ಬ್ರಾನ್ ಎದುರಿಗಿರುವ ಒಬ್ಬನಿಗೆ ಹೇಳುತ್ತಾರೆ.

ಗಿಟಾರ್_ಗುಂಡ:

ಸರಿ, ಈಗ ನಿನ್ನೆ ರಾತ್ರಿ ಪೂರ್ತಿ ಕೇಳಿದೆ. 'ಮಾರ್ಲಿ ಅಂಡ್ ಮಾರ್ಲಿ' ಸಿಕ್ಕಾಪಟ್ಟೆ ಹಿಡಿಸಿತು. ಇಬ್ಬರು ಮುದುಕರ ದೆವ್ವ, ಸರಪಳಿ ಸದ್ದು, ನಡುವೆ ತಾವೇ ಕಿಸಕ್ಕಂತ ನಗೋದು. ಆ ಸರಪಳಿಯನ್ನು ತಾಳಕ್ಕೆ ಸೇರಿಸಿರೋದು ಕೇಳಿದ್ರಾ? ಪುಸ್ತಕದಲ್ಲಿ ಮಾರ್ಲಿ ಒಬ್ಬನೇ ಅಲ್ವಾ?

ಪುಸ್ತಕಹುಳ:

ಒಬ್ಬನೇ, ಜೇಕಬ್. ಆದರೆ ಮಪೆಟ್‌ಗಳಲ್ಲಿ ಬಾಲ್ಕನಿಯಲ್ಲಿ ಕೂತು ಎಲ್ಲರನ್ನೂ ಬೈಯುವ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ಜೋಡಿ ಇದೆಯಲ್ಲ, ಅವರನ್ನು ಬೇರೆ ಮಾಡುವ ಹಾಗಿಲ್ಲ. ಅದಕ್ಕೆ ರಾಬರ್ಟ್ ಅಂತ ಒಬ್ಬ ಸಹೋದರನನ್ನು ಸೇರಿಸಿದರು. ರಾಬರ್ಟ್ ಮಾರ್ಲಿ ಅಂದ ಮೇಲೆ ರೆಗೇ ಗಾಯಕ ಬಾಬ್ ಮಾರ್ಲಿ ಆಯ್ತಲ್ಲ, ಅದೂ ಒಂದು ಚೇಷ್ಟೆ. ಡಿಕನ್ಸ್ ಭಕ್ತನಾದ ನನಗೂ ಇದರಲ್ಲಿ ತಕರಾರಿಲ್ಲ. ಜೆರ್ರಿ ಜೂಲ್ ಬರೆದ ಚಿತ್ರಕತೆ ಮೂಲದ ಮಾತುಗಳನ್ನು ಎಷ್ಟೋ ಕಡೆ ಹಾಗೇ ಉಳಿಸಿಕೊಂಡಿದೆ. ಕೇನ್ ಕೂಡ ಗಂಭೀರವಾಗಿ, ಒಮ್ಮೆಯೂ ಕಣ್ಣು ಮಿಟುಕಿಸದೆ, ದೊಡ್ಡ ರಂಗತಂಡದ ಜೊತೆ ಆಡುವ ಹಾಗೇ ಆಡುತ್ತೇನೆ ಅಂತ ಮೊದಲೇ ಹೇಳಿದ್ದರಂತೆ. ಹಾಗೇ ಆಡಿದರು.

ಕರಾವಳಿ_ಕಿವಿ:

ಗುಂಡ ಅವರೇ, ಆ ಹಾಡನ್ನು ಹಾಡಿದವರು ಯಾರು ಅಂತ ಗೊತ್ತಾದ ಮೇಲೆ ಇನ್ನೊಮ್ಮೆ ಕೇಳಿ.

ಮಪೆಟ್‌ಗಳನ್ನು ಕಟ್ಟಿದ ಜಿಮ್ ಹೆನ್ಸನ್ 1990ರ ಮೇ 16ರಂದು ತೀರಿಕೊಂಡರು. ವಯಸ್ಸು 53. ಕರ್ಮಿಟ್ ಎಂಬ ಕಪ್ಪೆ ಅವರದು, ವಾಲ್ಡಾರ್ಫ್ ಕೂಡ ಅವರದು. ಸ್ಟ್ಯಾಟ್ಲರ್ ರಿಚರ್ಡ್ ಹಂಟ್ ಅವರದು. ಹಂಟ್ 1992ರ ಜನವರಿಯಲ್ಲಿ ಹೋದರು, ಬರೀ 40 ವರ್ಷ. ಈ ಸಿನಿಮಾ ಅವರಿಬ್ಬರ ನೆನಪಿಗೇ ಅರ್ಪಿಸಿದ್ದು.

ಈಗ ಹಾಡಿಗೆ ಬನ್ನಿ. ಸತ್ತ ಇಬ್ಬರು ಪಾಲುದಾರರು ದೆವ್ವವಾಗಿ ವಾಪಸ್ ಬಂದು, ಬದುಕಿರುವ ಗೆಳೆಯನಿಗೆ ಎಚ್ಚರಿಕೆ ಹೇಳುತ್ತಾರೆ. ಆ ದೆವ್ವಗಳ ಗೊಂಬೆಗಳು ಹಂಟ್ ಮತ್ತು ಹೆನ್ಸನ್ ಆಡಿಸುತ್ತಿದ್ದವು. ಅವರ ಜಾಗದಲ್ಲಿ ನಿಂತು ಹಾಡಿದ್ದು ಸಹೋದ್ಯೋಗಿಗಳಾದ ಜೆರ್ರಿ ನೆಲ್ಸನ್ ಮತ್ತು ಡೇವ್ ಗೋಲ್ಜ್. ಇಬ್ಬರೂ ಹಳಬರನ್ನು ಹೂಬೇಹೂಬು ಅನುಕರಿಸಲು ಹೋಗಿಲ್ಲ, ಆದರೆ ಆ ಕುಹಕದ ನಗು ಅದೇ. ಮೊದಲ ಸಲ ಕೇಳುವಾಗ ಹಾಸ್ಯದ ಹಾಡು. ಇದು ಗೊತ್ತಿದ್ದು ಕೇಳಿದರೆ ನಗುವುದು ಸ್ವಲ್ಪ ಕಷ್ಟ.

ಈ ನೆಲ್ಸನ್ ಬಗ್ಗೆ ಇನ್ನೂ ಹೇಳಬೇಕು. ಗುಮಾಸ್ತನ ಕಾಯಿಲೆ ಮಗ ಟೈನಿ ಟಿಮ್ ಆಗಿ ಬರುವ ಪುಟ್ಟ ಕಪ್ಪೆ ರಾಬಿನ್ ಇದ್ದಾನಲ್ಲ, ಅವನ ದನಿಯೂ ನೆಲ್ಸನ್ ಅವರದೇ. ಕೆಂಪು ಗಡ್ಡದ, ಕೋಣೆ ತುಂಬುವ ದೈತ್ಯ, ಈಗಿನ ಕ್ರಿಸ್ಮಸ್ಸಿನ ಭೂತ, ಅದೂ ಅವರೇ. ಆಲ್ಬಮ್‌ನಲ್ಲಿ 'ಇಟ್ ಫೀಲ್ಸ್ ಲೈಕ್ ಕ್ರಿಸ್ಮಸ್' ಆದ ಸ್ವಲ್ಪ ಹೊತ್ತಿಗೇ 'ಬ್ಲೆಸ್ ಅಸ್ ಆಲ್' ಬರುತ್ತದೆ. ಮೊದಲನೆಯದರಲ್ಲಿ ಹೊಟ್ಟೆಯಿಂದ ಎದ್ದು ಬರುವ ದನಿ, ಬೀದಿಗೆಲ್ಲ ಕೇಳುವಷ್ಟು. ಎರಡನೆಯದರಲ್ಲಿ ಕಾಯಿಲೆ ಮಗುವಿನ, ಉಸಿರು ಎಲ್ಲಿ ಮುಗಿಯುತ್ತೋ ಅನ್ನುವ ದನಿ. ಒಂದೇ ಗಂಟಲು! ಸೆಸಮಿ ಸ್ಟ್ರೀಟ್ ಎಂಬ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಎಣಿಸುತ್ತಾ ಕೂರುವ ಕೌಂಟ್ ಕೂಡ ಇದೇ ಮನುಷ್ಯ. 2012ರಲ್ಲಿ ತೀರಿಕೊಂಡರು. ಹೆನ್ಸನ್, ಫ್ರ್ಯಾಂಕ್ ಆಜ್ ಹೆಸರು ಎಲ್ಲರಿಗೂ ಗೊತ್ತು, ನೆಲ್ಸನ್ ಹೆಸರು ಹೇಳುವವರಿಲ್ಲ. ನನ್ನ ಪ್ರಕಾರ ಆ ತಂಡದಲ್ಲಿ ನಿಜವಾದ ಗಾಯಕ ಅಂದರೆ ಅವರೇ.

ಸುಮ್ನೆ_ಓದುಗ:

ಎಲ್ಲ ಸರಿ, ಆದರೆ ಕರ್ಮಿಟ್ ಮಾತು ಯಾರೂ ಎತ್ತಿಲ್ಲ. ನನಗೆ ಈ ಆಲ್ಬಮ್‌ನ ಕರ್ಮಿಟ್ ದನಿ ತೆಳು ಅನ್ನಿಸುತ್ತದೆ. 1979ರ ಮಪೆಟ್ ಸಿನಿಮಾದ 'ರೇನ್‌ಬೋ ಕನೆಕ್ಷನ್' ಕೇಳಿ, ಆಮೇಲೆ ಇಲ್ಲಿಯ 'ಒನ್ ಮೋರ್ ಸ್ಲೀಪ್ ಟಿಲ್ ಕ್ರಿಸ್ಮಸ್' ಕೇಳಿ. ಹೆನ್ಸನ್ ದನಿಯಲ್ಲಿ ಒಂದು ತೂಕ ಇತ್ತು.

ಹಳೇಟೇಪು:

ಎರಡನ್ನೂ ಬರೆದದ್ದು ಪಾಲ್ ವಿಲಿಯಮ್ಸ್ ಅನ್ನುವುದನ್ನು ಸೇರಿಸಿಕೊಂಡು ಕೇಳಿ. 1979ರದ್ದನ್ನು ಕೆನೆತ್ ಆಶರ್ ಜೊತೆ ಬರೆದರು. ಒಂದು ಕಪ್ಪೆ ಬ್ಯಾಂಜೊ ಹಿಡಿದು ಹಾಡಿದ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಹೋಗಿತ್ತು, ಆಸ್ಕರ್‌ಗೆ ನಾಮನಿರ್ದೇಶನ ಬೇರೆ. ಅದರ ಜೊತೆ ಯಾವ ಹಾಡನ್ನು ತೂಗಿದರೂ ಕಡಿಮೆಯೇ ಬರುತ್ತದೆ.

ಆದರೂ ಒಪ್ಪುವುದಿಲ್ಲ. ಇಲ್ಲಿ ಕರ್ಮಿಟ್ ಆಗಿರುವುದು ಸ್ಟೀವ್ ವಿಟ್‌ಮೈರ್. ದೊಡ್ಡ ಪರದೆಯಲ್ಲಿ ಅವರು ಕರ್ಮಿಟ್ ಆದದ್ದು ಇದೇ ಮೊದಲು. ಧ್ವನಿಮುದ್ರಣದ ಹಿಂದಿನ ರಾತ್ರಿ ಕನಸಿನಲ್ಲಿ ಹೆನ್ಸನ್ ಸಿಕ್ಕಿದ್ದರು, ನನಗೆ ಭಯ ಆಗ್ತಿದೆ ಅಂತ ಹೇಳಿದೆ, ಅದು ಹೋಗುತ್ತೆ ಬಿಡು ಅಂದರು ಅಂತ ವಿಟ್‌ಮೈರ್ ಹೇಳಿಕೊಂಡಿದ್ದಾರೆ. ಆ ಅಳುಕು ಹಾಡಿನಲ್ಲಿ ಕೇಳುತ್ತದೆ, ನಿಜ. ಆದರೆ ಪಾತ್ರ ಯಾರದು ನೋಡಿ. ಬಾಬ್ ಕ್ರ್ಯಾಚಿಟ್. ಸಂಬಳ ಸಾಲದ, ಯಜಮಾನನಿಗೆ ಹೆದರುವ, ರಜೆ ಕೇಳಲೂ ಹಿಂಜರಿಯುವ ಗುಮಾಸ್ತ. ಅವನಿಗೆ ತೂಕದ ದನಿ ಯಾಕೆ? ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟ ಗುಮಾಸ್ತನ ಖುಷಿ ಅಷ್ಟೇ ಇರುತ್ತದೆ.

ವಿಲಿಯಮ್ಸ್ ಬಗ್ಗೆಯೂ ಒಂದು ಮಾತು. ಕುಡಿತ, ಡ್ರಗ್ಸ್ ಚಟದಿಂದ ಅವರು ಹೊರಬಂದದ್ದು 1990ರಲ್ಲಿ. ಅದಾದ ಮೇಲೆ ಕೈಗೆ ಬಂದ ದೊಡ್ಡ ಕೆಲಸ ಇದು. ಕೆಟ್ಟು ಹೋದ ಮನುಷ್ಯ ಒಂದೇ ರಾತ್ರಿಯಲ್ಲಿ ಬೇರೆಯಾಗಿ ಏಳುವ ಕತೆಗೆ, ಆಗಷ್ಟೇ ಎದ್ದು ನಿಂತವನೊಬ್ಬ ಹಾಡು ಬರೆಯುವುದು ಅಂದರೆ ಸುಮ್ನೆ ಅಲ್ಲ. 'ಥ್ಯಾಂಕ್‌ಫುಲ್ ಹಾರ್ಟ್' ಅದಕ್ಕೇ ಅಷ್ಟು ನೇರವಾಗಿದೆ. ಕೇನ್ ಗಾಯಕರಲ್ಲ, ಶ್ರುತಿಯ ಅಂಚಿನಲ್ಲಿ ನಡೆಯುತ್ತಾರೆ. ಒಳ್ಳೇ ಗಾಯಕ ಹಾಡಿದ್ದರೆ ಅದು ಉಪದೇಶ ಆಗುತ್ತಿತ್ತು. ಇವರು ಹಾಡಿದ್ದಕ್ಕೆ, ಹಾಡೋ ಅಭ್ಯಾಸವೇ ಇಲ್ಲದ ಮುದುಕ ಸಂತೋಷ ತಡೆಯಲಾರದೆ ಬಾಯಿಬಿಟ್ಟ ಹಾಗಿದೆ.

ಸುಮ್ನೆ_ಓದುಗ:

ಗುಮಾಸ್ತನ ಮಾತು ಒಪ್ಪಬಹುದು. ಹೆನ್ಸನ್ ಹಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅನ್ನೋದನ್ನು ಮಾತ್ರ ಬಿಡಲ್ಲ.

ಇಬ್ಬರಮ್ಮ:

ನನ್ನ ಇಬ್ಬರು ಮಕ್ಕಳಿಗೂ ಆಲ್ಬಮ್ ಹಾಕುತ್ತೇನೆ, ಕಾರಿನಲ್ಲಿ. ಅವರ ತೀರ್ಪು ಹೇಳಲಾ? ಮೊದಲ ಹಾಡು 'ಸ್ಕ್ರೂಜ್' ಬಂದರೆ ಇಬ್ಬರೂ ಕಿರುಚಾಡುತ್ತಾರೆ. ಅವನು ಬೀದಿಯಲ್ಲಿ ಹೋಗುತ್ತಾ ಇರುತ್ತಾನೆ, ಊರಿಗೆ ಊರೇ ಅವನನ್ನು ಬೈಯುತ್ತಾ ಹಾಡುತ್ತದೆ, ಮಕ್ಕಳಿಗೆ ಇದಕ್ಕಿಂತ ಏನು ಬೇಕು. ಪ್ರೇಮಭಂಗದ ಹಾಡು ಬಂದರೆ ದೊಡ್ಡವಳು ಸುಮ್ಮನೆ ಕೇಳುತ್ತಾಳೆ, ಚಿಕ್ಕವನು ಬಿಸ್ಕೆಟ್ ಕೇಳುತ್ತಾನೆ. ಹಾಗಾಗಿ ಪುಸ್ತಕಹುಳ ಅವರಿಗೂ ಒಂದು ವೋಟು, ಹಳೇಟೇಪು ಅವರಿಗೂ ಒಂದು.

ಆ ಇನ್ನೆರಡು ಹಾಡಿನ ಮಾತು ಆಮೇಲೆ ಅಂದಿದ್ರಲ್ಲ, ಅದೆಲ್ಲಿ?

ಹಳೇಟೇಪು:

ಹೇಳ್ತೀನಿ ಮೇಡಂ. ಒಂದು 'ರೂಮ್ ಇನ್ ಯುವರ್ ಹಾರ್ಟ್'. ಬಡವರಿಗೆ ಚಂದಾ ಎತ್ತಲು ಬರುವ ಬನ್ಸನ್ ಮತ್ತು ಬೀಕರ್ ಎಂಬ ಗೊಂಬೆಗಳ ಹಾಡು. ಇನ್ನೊಂದು 'ಚೇರ್ಮನ್ ಆಫ್ ದ ಬೋರ್ಡ್', ಶಾಲೆಯ ಹೆಡ್‌ಮಾಸ್ತರ್ ಆಗಿರುವ ಸ್ಯಾಮ್ ಎಂಬ ಹದ್ದು ಹುಡುಗ ಸ್ಕ್ರೂಜ್‌ಗೆ ಮಾಡುವ ಉಪದೇಶ. ಎರಡನ್ನೂ ಧ್ವನಿಮುದ್ರಿಸಿದರು, ಸಿನಿಮಾಕ್ಕೆ ಹಾಕಲಿಲ್ಲ. ಆಲ್ಬಮ್‌ನಲ್ಲಿ ಕತೆಯ ಕ್ರಮದಲ್ಲೇ ಕೂರಿಸಿದ್ದಾರೆ. ಅದಕ್ಕೇ ಸಾಲಾಗಿ ಕೇಳಿ ಅಂದದ್ದು.

ಮೊದಲನೆಯದು ಮುದ್ದಾಗಿದೆ, ಅಷ್ಟೇ. ಬೀಕರ್‌ಗೆ ಮೀ ಮೀ ಬಿಟ್ಟು ಬೇರೆ ಮಾತೇ ಬರುವುದಿಲ್ಲ, ಅವನ ಜೊತೆ ಯುಗಳ ಗೀತೆ ಅನ್ನುವುದೇ ನಗು. ಕೇಳಿದ ಮೇಲೆ ಮರೆತುಹೋಗುತ್ತದೆ. ಎರಡನೆಯದನ್ನು ಬಿಟ್ಟದ್ದು ನನಗೆ ನೋವು. ಫ್ರ್ಯಾಂಕ್ ಆಜ್ ಆ ಹದ್ದಿನ ದನಿಯಲ್ಲಿ, ದುಡಿ, ದುಡ್ಡು ಮಾಡು, ಮೇಲೆ ಹೋಗು ಅಂತ ಮೆರವಣಿಗೆಯ ಲಯದಲ್ಲಿ ಅರಚುತ್ತಾರೆ. ಒಂಟಿ ಹುಡುಗನ ತಲೆಗೆ ಇದನ್ನು ತುಂಬಿದ ಮೇಲೆ, ಮುಂದೆ ಬೆಲ್ ಯಾಕೆ ಬಿಟ್ಟು ಹೋದಳು ಅಂತ ಯಾರೂ ವಿವರಿಸಬೇಕಾಗಿಲ್ಲ. ಆಲ್ಬಮ್‌ನಲ್ಲಿ ಹದ್ದಿನ ಹಾಡು, ಯುವಕ ಸ್ಕ್ರೂಜ್‌ನ ಯಜಮಾನ ಫಾಜಿವಿಗ್ ಕೊಡುವ ಪಾರ್ಟಿಯ ಸಂಗೀತ, ಆಮೇಲೆ ಬೆಲ್ ಹಾಡು. ಮೂರೇ ಟ್ರ್ಯಾಕ್‌ನಲ್ಲಿ ಒಬ್ಬ ಮನುಷ್ಯ ಹೇಗೆ ಹಾಳಾದ ಅಂತ ಪೂರ್ತಿ ಕತೆ.

ಹಾಡುಗಳ ನಡುವಿನ ವಾದ್ಯಸಂಗೀತ ಮೈಲ್ಸ್ ಗುಡ್‌ಮನ್ ಅವರದು. ಫ್ರ್ಯಾಂಕ್ ಆಜ್ ನಿರ್ದೇಶಿಸಿದ ಸಿನಿಮಾಗಳಿಗೂ ಅವರು ಸಂಗೀತ ಕೊಟ್ಟಿದ್ದರು. ಪಾರ್ಟಿಯ ತುಂಡು ಮಜವಾಗಿದೆ, ಬೇರೆಯದರಲ್ಲಿ ಜಾಸ್ತಿ ಹೇಳುವಂಥದ್ದಿಲ್ಲ.

ಪುಸ್ತಕಹುಳ:

ಹದ್ದಿನ ಹಾಡು ಈಗ ತಾನೇ ಕೇಳಿದೆ. ಇದನ್ನು ಇಟ್ಟುಕೊಂಡು ಬೆಲ್ ಹಾಡನ್ನು ಬಿಟ್ಟಿದ್ದರೂ ನಡೆಯುತ್ತಿತ್ತು ಅಂತ ನನ್ನ ಹೊಸ ವಾದ. ಮಕ್ಕಳೂ ನಗುತ್ತಿದ್ದರು, ಕತೆಯ ಕಾರಣವೂ ಸಿಗುತ್ತಿತ್ತು.

ಲೀಡ್ಸ್_ಕನ್ನಡತಿ:

ಆಗ ಕೊನೆಯ ಹಾಡು ಮತ್ತೆ ಅನಾಥ ಆಗುತ್ತಲ್ಲ ಸರ್! ಅದು ಬೆಲ್ ರಾಗ, ಹದ್ದಿನ ರಾಗ ಅಲ್ಲ.

ಇಬ್ಬರಮ್ಮ:

ಈ ಸಲ ಮಕ್ಕಳಿಗೆ ಪೂರ್ತಿ ಪ್ರತಿಯೇ ತೋರಿಸಬೇಕು. ಲೀಡ್ಸ್ ಅವರೇ, ಅದು ಡಿಸ್ನಿ ಪ್ಲಸ್‌ನಲ್ಲಿ ಸಿನಿಮಾ ಹಾಕಿದ ಕೂಡಲೇ ಬರುತ್ತಾ, ಬೇರೆ ಕಡೆ ಹುಡುಕಬೇಕಾ?

ಲೀಡ್ಸ್_ಕನ್ನಡತಿ:

ಇಲ್ಲಿ ಬಂದಾಗ ಸಿನಿಮಾದ ಪುಟದಲ್ಲೇ ಎಕ್ಸ್‌ಟ್ರಾಸ್ ಅಂತ ಇರುವ ಕಡೆ ಇಟ್ಟಿದ್ದರು. ನೇರವಾಗಿ ಪ್ಲೇ ಒತ್ತಿದರೆ ಥಿಯೇಟರ್ ಪ್ರತಿ ಬರುತ್ತಿತ್ತು. ಶುರು ಮಾಡುವ ಮೊದಲು ಅಲ್ಲಿ ಒಮ್ಮೆ ನೋಡಿ. ಮತ್ತೆ ಚಿಕ್ಕವನಿಗೆ ಬಿಸ್ಕೆಟ್ ಮೊದಲೇ ತೆಗೆದಿಟ್ಟುಕೊಳ್ಳಿ.